ಮೈದಾನಕ್ಕೆ ನೀರು ಬೇಡವೆಂದವರು ಯಾರು?

ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಬೂಟು ಒದ್ದೆಯಾಗಲಿಲ್ಲ. ಮೊದಲು ಅದಕ್ಕೊಂದು ಅಭಿನಂದನೆ ಹೇಳಿಬಿಡುತ್ತೇನೆ, ಆಮೇಲೆ ಜಗಳಕ್ಕೆ ಬರುತ್ತೇನೆ.

ನಮ್ಮ ತಂಡ ಮಹಾಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಹೊರಬಿದ್ದು ಆರು ವಾರವಾಯಿತು. ಸತತ ಮೂರನೇ ಸಲ. ಈ ಸಲದ ಸೋಲಿಗೆ ಹನ್ನೊಂದನೇ ನಂಬರಿನ ಆಟಗಾರನ 'ನಿರ್ಲಕ್ಷ್ಯದ ಪಾಸ್' ಕಾರಣ ಎಂದು ನಿಮ್ಮ ಸಂಸ್ಥೆ ಪತ್ರಿಕೆಗಳಿಗೆ ತಿಳಿಸಿದೆ. ಬರುವ ಒಂಬತ್ತನೇ ತಾರೀಖು ಅವನ ವಿಚಾರಣೆ. ಎರಡು ವರ್ಷ ಆಟದಿಂದ ಹೊರಗಿಡಬೇಕೆಂಬ ಶಿಫಾರಸು ಆಗಲೇ ಟೈಪ್ ಆಗಿ ಕೂತಿದೆಯಂತೆ, ವಿಚಾರಣೆ ಮಾಡುವುದೊಂದೇ ಬಾಕಿ ಉಳಿದಿದೆಯಂತೆ. ಅಧ್ಯಕ್ಷರೇ, ಆ ಪಾಸ್ ನಡುದಾರಿಯಲ್ಲಿ ನಿಂತದ್ದು ಹುಡುಗನ ನಿರ್ಲಕ್ಷ್ಯದಿಂದಲ್ಲ. ಅವತ್ತು ಬೆಳಿಗ್ಗೆ ನಿಮ್ಮ ಉಪಾಧ್ಯಕ್ಷರು ಹಾಕಿದ ಒಂದು ಸಹಿಯಿಂದ. ಆ ಸಹಿ ಬೀಳುವಾಗ ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ನಾನು ಯಾರು ಎಂದು ಕೇಳುತ್ತೀರಿ. ಹೊಟ್ಟೆಪಾಡಿಗೆ ದೇಶ ಬಿಟ್ಟು ಬಂದು ನಾಲ್ಕು ವರ್ಷವಾದ, ಆ ಪಂದ್ಯ ನಡೆದ ಸ್ಟೇಡಿಯಮ್ಮಿನಲ್ಲಿ ಹುಲ್ಲು ನೋಡಿಕೊಳ್ಳುವ ಆರು ಜನರಲ್ಲಿ ಒಬ್ಬ. ಬೆಳಿಗ್ಗೆ ಐದಕ್ಕೆ ಹುಲ್ಲು ಕತ್ತರಿಸುವುದು, ಪಂದ್ಯ ಮುಗಿದ ಮೇಲೆ ಬೂಟುಗಳು ಕಿತ್ತ ಮಣ್ಣನ್ನು ಕೈಯಲ್ಲಿ ಒತ್ತಿ ಕೂರಿಸುವುದು, ನೀರು ಬಿಡುವುದು ನನ್ನ ಕೆಲಸ. ಕೂತು ಬರೆಯುವಷ್ಟು ಬಿಡುವಿಲ್ಲ. ಪಾಳಿ ಮುಗಿಸಿ ಬಂದು ಫೋನಿಗೆ ಬಾಯಲ್ಲಿ ಹೇಳಿ ಕಳಿಸಿದ್ದನ್ನು ಊರಿನಲ್ಲಿರುವ ನನ್ನ ಅಕ್ಕ ನಾಲ್ಕು ಜನ ಓದುವ ಹಾಗೆ ತಿದ್ದಿ ಬರೆದಿದ್ದಾಳೆ. ಅವಳು ತೆಗೆದುಹಾಕಿದ ಪದಗಳನ್ನೇ ಜೋಡಿಸಿದರೆ ಇನ್ನೊಂದು ಪತ್ರವಾಗುತ್ತದೆ.

ಇನ್ನೊಂದು ಮಾತನ್ನು ನೀವು ಪತ್ತೆ ಹಚ್ಚುವ ಮೊದಲು ನಾನೇ ಹೇಳುತ್ತೇನೆ. ಹನ್ನೊಂದನೇ ನಂಬರಿನವನು ನನ್ನ ಚಿಕ್ಕಮ್ಮನ ಮಗ. ಮೂರು ಜನರ ನಡುವೆ ತಿರುಗಿ ಚೆಂಡಿನ ಜೊತೆ ಹೊರಬರುವುದನ್ನು ನೋಡಿ ಬೀದಿಯವರೆಲ್ಲ ಅವನಿಗೆ ಗಿರಗಿಟ್ಲೆ ಎಂದು ಹೆಸರಿಟ್ಟರು. ಆಮೇಲೆ ಇಡೀ ದೇಶವೇ ಆ ಹೆಸರನ್ನು ಕೂಗಿತು. ಹಾಗಾದರೆ ಇದು ಸ್ವಜನಪಕ್ಷಪಾತವಲ್ಲವೇ? ಹೌದು ಸ್ವಾಮಿ, ಸ್ವಜನವೇ. ಆದರೆ ಇಪ್ಪತ್ತಮೂರು ಆಟಗಾರರ ಹಿಂದೆ ನಲವತ್ತೊಂದು ಜನ ಅಧಿಕಾರಿಗಳು, ಅವರ ಅಳಿಯಂದಿರು, ಅಳಿಯಂದಿರ ತಮ್ಮಂದಿರು ವಿಮಾನ ಹತ್ತಿದರಲ್ಲ, ಆ ಸಂಸ್ಥೆಯ ಎದುರು ಈ ಪದಕ್ಕೆ ನಾನೊಬ್ಬ ನಾಚಿಕೊಳ್ಳಬೇಕೇ?

ಈಗ ವಿಷಯಕ್ಕೆ ಬರೋಣ. ಪ್ರತಿ ಸೋಲಿನ ನಂತರ ನಿಮ್ಮ ಸಂಸ್ಥೆ ಒಂದು ವರದಿ ಹೊರಡಿಸುತ್ತದೆ. ಮೊದಲ ಸಲ 'ಅನುಭವದ ಕೊರತೆ' ಎಂದಿರಿ. ಎರಡನೇ ಸಲ ಅದೇ ಹುಡುಗರು ನಾಲ್ಕು ವರ್ಷ ಅನುಭವ ಪಡೆದು ಹೋದಾಗ 'ಹಸಿವಿನ ಕೊರತೆ' ಎಂದಿರಿ. ಈ ಸಲ 'ಮಾನಸಿಕ ದೃಢತೆಯ ಕೊರತೆ'. ಮೂರು ವರದಿಗಳಲ್ಲೂ ಕೊರತೆ ಇರುವುದು ಆಟಗಾರರಲ್ಲಿ ಮಾತ್ರ, ಸಂಸ್ಥೆಯಲ್ಲಿ ಎಲ್ಲವೂ ಸಮೃದ್ಧ. ಆದರೆ ಇದೇ ಕೊರತೆಯ ಹುಡುಗರು ಅರ್ಹತಾ ಸುತ್ತಿನಲ್ಲಿ ಹನ್ನೊಂದು ಪಂದ್ಯ ಸತತವಾಗಿ ಗೆದ್ದದ್ದು ಹೇಗೆ? ಮೈಕೊರೆಯುವ ಚಳಿಯಲ್ಲಿ, ಹೆಸರೂ ಕೇಳದ ಊರುಗಳಲ್ಲಿ, ಗ್ಯಾಲರಿ ತುಂಬ ವೈರಿಗಳೇ ಇದ್ದಾಗ ಗೆದ್ದರಲ್ಲ, ಆಗ ಮಾನಸಿಕ ದೃಢತೆಯನ್ನು ಯಾರ ಮನೆಯಿಂದ ಕಡ ತಂದಿದ್ದರು?

ಇದಕ್ಕೆ ಉತ್ತರ ಕಂಡುಹಿಡಿಯಲು ಸಮಿತಿ ಬೇಡ, ನಿಮ್ಮದೇ ಪ್ರಯಾಣದ ಪಟ್ಟಿ ಸಾಕು. ಆ ಹನ್ನೊಂದು ಪಂದ್ಯಗಳಲ್ಲಿ ಎಷ್ಟಕ್ಕೆ ಸಂಸ್ಥೆಯ ಪದಾಧಿಕಾರಿಗಳು ಹೋಗಿದ್ದರು? ಒಂದಕ್ಕೂ ಇಲ್ಲ. ಅಲ್ಲಿ ಒಳ್ಳೆಯ ಹೋಟೆಲಿಲ್ಲ, ನೋಡುವಂಥ ಜಾಗವಿಲ್ಲ, ಎರಡು ಸಲ ವಿಮಾನ ಬದಲಿಸಬೇಕು. ಹಾಗಾಗಿ ಕೋಚ್ ಹೋದರು, ಅವರ ಸಹಾಯಕ ಹೋದ, ಕಾಲು ಉಜ್ಜುವ ವೈದ್ಯ ಹೋದ. ಪಂದ್ಯದ ದಿನದ ಸಭೆಗೆ ಕೋಚ್ ತಾವೇ ಹೋಗಿ ಕೂತರು, ಏನು ಬೇಕೋ ಕೇಳಿ ಪಡೆದರು, ಗೆದ್ದರು. ಮಹಾಪಂದ್ಯಾವಳಿ ಬಂತೆಂದರೆ ಮಾತ್ರ ಊಟಕ್ಕೆ ಕರೆದ ಹಾಗೆ ಎಲ್ಲರೂ ಹೊರಡುತ್ತೀರಿ. ನೀವು ಬಾರದ ಕಡೆ ನಾವು ಗೆಲ್ಲುತ್ತೇವೆ, ನೀವು ಬಂದ ಕಡೆ ಸೋಲುತ್ತೇವೆ. ಎಂಟು ವರ್ಷಗಳ ಫಲಿತಾಂಶ ಮುಂದಿಟ್ಟುಕೊಂಡು ಇದನ್ನು ಸುಳ್ಳೆಂದು ತೋರಿಸಿ, ನಾನು ಬಾಯಿ ಮುಚ್ಚುತ್ತೇನೆ.

ಮೊದಲ ಪಂದ್ಯಾವಳಿಯಲ್ಲಿ ಏನಾಯಿತೆಂದು ಗಿರಗಿಟ್ಲೆಗಿಂತ ಹಿರಿಯ ಆಟಗಾರರು ಈಗಲೂ ಹೇಳಿಕೊಂಡು ನಗುತ್ತಾರೆ. ನಗದೆ ಇನ್ನೇನು ಮಾಡಿಯಾರು? ನಿರ್ಣಾಯಕ ಪಂದ್ಯದ ಹಿಂದಿನ ಸಂಜೆ ಅಭ್ಯಾಸ ರದ್ದು ಮಾಡಿ ಸತ್ಕಾರ ಕೂಟ ಇಟ್ಟಿರಿ. ಎರಡೂಕಾಲು ಗಂಟೆ ಹುಡುಗರನ್ನು ಸೂಟು ಹಾಕಿಸಿ ನಿಲ್ಲಿಸಿದಿರಿ, ಭಾಷಣ ಮಾಡಿದವರು ಒಂಬತ್ತು ಜನ. ಮರುದಿನ ಎಪ್ಪತ್ತನೇ ನಿಮಿಷಕ್ಕೆ ಇಬ್ಬರಿಗೆ ಮೀನಖಂಡ ಹಿಡಿದುಕೊಂಡಿತು. ಎರಡನೇ ಪಂದ್ಯಾವಳಿಯಲ್ಲಿ ಗೋಲ್‌ಕೀಪರನ ಕೋಣೆ ತಣ್ಣಗಿದೆ ಎಂದು ಕಂಡದ್ದೇ ತಡ, ಅವನನ್ನು ಎಬ್ಬಿಸಿ ಅಡುಗೆಮನೆಯ ಮೇಲಿನ ಕೋಣೆಗೆ ಸಾಗಿಸಿ, ಆ ಹಾಸಿಗೆಯಲ್ಲಿ ನಿಮ್ಮ ಖಜಾಂಚಿಯವರ ಷಡ್ಡಕರನ್ನು ಮಲಗಿಸಿದಿರಿ. ಇವೆಲ್ಲ ಹಳೆಯ ಕಥೆ ಎನ್ನುತ್ತೀರಿ. ಸರಿ, ಹೊಸದನ್ನು ಕೇಳಿ. ಇದಕ್ಕೆ ನಾನೇ ಸಾಕ್ಷಿ.

ಈ ಸಲ ಮೊದಲ ಎರಡು ಪಂದ್ಯಗಳು ದೂರದ ಊರುಗಳಲ್ಲಿದ್ದವು. ನಿಮ್ಮ ತಂಡ ಎಂದರೆ ಆ ನಲವತ್ತೊಂದು ಜನರ ತಂಡ ಇನ್ನೂ ಬಂದಿಳಿದಿರಲಿಲ್ಲ. ಒಂದನ್ನು ಮೂರು ಗೋಲುಗಳಿಂದ ಗೆದ್ದರು, ಇನ್ನೊಂದನ್ನು ಸಮ ಮಾಡಿಕೊಂಡರು. ಮೂರನೆಯದು ನಮ್ಮ ಸ್ಟೇಡಿಯಮ್ಮಿನಲ್ಲಿ. ಸಮ ಮಾಡಿಕೊಂಡರೆ ಸಾಕು, ಮುಂದಿನ ಸುತ್ತು. ನಮ್ಮ ದೇಶದ ಇತಿಹಾಸದಲ್ಲೇ ಮೊದಲ ಸಲ. ಹಿಂದಿನ ದಿನ ನೀವೆಲ್ಲ ಬಂದಿರಿ.

ಒಂದು ಮೈದಾನದಲ್ಲಿ ಕೆಲಸ ಮಾಡುವವನಿಗೆ ಯಾವ ತಂಡ ಎಷ್ಟು ಆಳ ಎಂಬುದು ಪಂದ್ಯಕ್ಕೆ ಮೊದಲೇ ಗೊತ್ತಾಗುತ್ತದೆ. ಒಂದು ದೇಶದಿಂದ ಒಬ್ಬ ಹೆಂಗಸು ಬಂದಿದ್ದರು, ಅರವತ್ತರ ಹತ್ತಿರದ ವಯಸ್ಸು, ತಂಡದ ಬೂಟು ಬಟ್ಟೆಗಳ ಉಸ್ತುವಾರಿ. ಕೈಚೀಲದಿಂದ ಒಂದು ಸ್ಕೇಲು ತೆಗೆದು ಮೈದಾನದ ಹದಿನಾಲ್ಕು ಕಡೆ ಹುಲ್ಲಿನ ಎತ್ತರ ಅಳೆದು ಬರೆದುಕೊಂಡರು. ಇನ್ನೊಂದು ದೇಶದ ಕೋಚ್ ಮಂಡಿಯೂರಿ ಹುಲ್ಲಿನ ಮೇಲೆ ಅಂಗೈ ಇಟ್ಟು ನನ್ನನ್ನೇ ಕೇಳಿದರು, 'ಕತ್ತರಿಸಿದ್ದು ಯಾವಾಗ? ಮೂರು ಗಂಟೆಗೆ ಈ ಮೂಲೆಗೆ ನೆರಳು ಬರುತ್ತದಾ?' ಎಂದು. ನಮ್ಮ ದೇಶದಿಂದಲೂ ಪರಿಶೀಲನೆಗೆ ಐದು ಜನ ಬಂದರು. ನನ್ನ ಎದೆ ಉಬ್ಬಿತು, ನಮ್ಮವರು ಎಂದುಕೊಂಡು ಓಡಿಹೋದೆ. ಐವರೂ ಹುಲ್ಲು ತುಳಿಯದೆ ಸುತ್ತಿಕೊಂಡು ಹೋಗಿ ಗಣ್ಯರ ಗ್ಯಾಲರಿಯ ಕುರ್ಚಿಗಳ ಮೇಲೆ ಒಬ್ಬೊಬ್ಬರಾಗಿ ಕೂತು ಎದ್ದು ನೋಡಿದರು. 'ಮೆತ್ತೆ ಸಾಲ್ದು' ಎಂದು ಬರೆಸಿದರು. ಬಿಸಿಲು ಯಾವ ಕಡೆಯಿಂದ ಬರುತ್ತದೆಂದು ಅವರೂ ಕೇಳಿದರು, ಸುಳ್ಳು ಹೇಳಬಾರದು. ಅವರ ಕುರ್ಚಿಗೆ.

ಪಂದ್ಯದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಎರಡೂ ತಂಡಗಳ ಸಭೆ ಇರುತ್ತದೆ. ಯಾವ ಬಣ್ಣದ ಅಂಗಿ, ಎಷ್ಟು ಹೊತ್ತಿಗೆ ಬಸ್ಸು, ಮೈದಾನಕ್ಕೆ ನೀರು ಬಿಡಬೇಕೋ ಬೇಡವೋ, ಎಲ್ಲವೂ ಅಲ್ಲೇ ತೀರ್ಮಾನ. ಒಂದು ತಂಡಕ್ಕೆ ಮೂರೇ ಕುರ್ಚಿ. ಎದುರಾಳಿಗಳ ಕಡೆಯಿಂದ ಕೋಚ್, ಅವರ ಸಹಾಯಕ, ವೈದ್ಯ ಬಂದು ಕೂತರು. ನಮ್ಮ ಕಡೆಯಿಂದ ಉಪಾಧ್ಯಕ್ಷರು, ಕಾರ್ಯದರ್ಶಿಗಳು, ಶಿಷ್ಟಾಚಾರ ಅಧಿಕಾರಿಗಳು. ನಮ್ಮ ಕೋಚ್ ಹೊರಗೆ ಕಾರಿಡಾರಿನಲ್ಲಿ, ನೀರಿನ ಬಾಟಲಿಗಳ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದರು. ಹನ್ನೊಂದು ಪಂದ್ಯ ಗೆಲ್ಲಿಸಿದವರು ಕ್ರೇಟಿನ ಮೇಲೆ, ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ನೋಡದವರು ಕುರ್ಚಿಯ ಮೇಲೆ. ನಮ್ಮ ಫುಟ್‌ಬಾಲಿನ ಚಿತ್ರ ಬರೆಯುವವರಿದ್ದರೆ ಇದನ್ನು ಬರೆಯಲಿ.

ನಿಮ್ಮವರಿಗೆ ಇಲ್ಲಿನ ಭಾಷೆ ಬಾರದು. ಸಂಘಟಕರು ಕೊಟ್ಟಿದ್ದ ದುಭಾಷಿಯನ್ನು ಅಧಿಕಾರಿಗಳ ಮನೆಯವರ ಜೊತೆ ಅಂಗಡಿ ಸುತ್ತಲು ಕಳಿಸಿದ್ದರು. ಆಗ ನಮ್ಮ ಮೇಸ್ತ್ರಿ, ಅಂದರೆ ಮೈದಾನದ ಮುಖ್ಯಸ್ಥ, 'ನಮ್ಮ ಹುಡುಗ ಒಬ್ಬ ಆ ದೇಶದವನೇ ಇದ್ದಾನೆ' ಎಂದು ನನ್ನನ್ನು ಶೆಡ್ಡಿನಿಂದ ಕರೆಸಿದರು. ಮಣ್ಣುಗಾಲಲ್ಲೇ ಹೋಗಿ ಉಪಾಧ್ಯಕ್ಷರ ಕುರ್ಚಿಯ ಹಿಂದೆ ನಿಂತೆ.

ನೀರಿನ ವಿಷಯ ಬಂತು. ಪಂದ್ಯಕ್ಕೆ ಹತ್ತು ನಿಮಿಷ ಮೊದಲು ಒಮ್ಮೆ, ಹಾಫ್‌ಟೈಮಿನಲ್ಲಿ ಒಮ್ಮೆ ನೀರು ಬಿಡುವುದು ರೂಢಿ. ಯಾವುದಾದರೂ ಒಂದು ತಂಡ ಬೇಕೆಂದರೆ ಸಾಕು, ಬಿಡುತ್ತಾರೆ. ಎರಡೂ ತಂಡಗಳು ಬೇಡವೆಂದರೆ ಮಾತ್ರ ಇಲ್ಲ. ಎದುರಾಳಿಗಳದ್ದು ಎತ್ತರದ ಆಳುಗಳ ತಂಡ, ಚೆಂಡನ್ನು ಗಾಳಿಯಲ್ಲೇ ಸಾಗಿಸುವವರು, ಅವರಿಗೆ ನೆಲ ಒಣಗಿದಷ್ಟೂ ಲಾಭ. ನಮ್ಮವರದ್ದು ನೆಲಕ್ಕೆ ಅಂಟಿಕೊಂಡ ಆಟ, ಒಂದೇ ತಟ್ಟಿಗೆ ಒಬ್ಬರಿಂದ ಒಬ್ಬರಿಗೆ ಚೆಂಡು ಜಾರಬೇಕು. ಜಾರಬೇಕಾದರೆ ಹುಲ್ಲು ಒದ್ದೆ ಇರಬೇಕು. ಇದು ರಾಕೆಟ್ ವಿಜ್ಞಾನವಲ್ಲ ಅಧ್ಯಕ್ಷರೇ, ಒದ್ದೆ ನೆಲದಲ್ಲಿ ಜಾರಿಬಿದ್ದ ಯಾರಿಗಾದರೂ ಗೊತ್ತಿರುವ ವಿಷಯ.

ನಾನು ಉಪಾಧ್ಯಕ್ಷರಿಗೆ ಬಗ್ಗಿ ಹೇಳಿದೆ. "ಸಾರ್, ಮೈದಾನಕ್ಕೆ ನೀರು ಬಿಡೋದಾ ಅಂತ ಕೇಳ್ತಿದಾರೆ. ಮ್ಯಾಚಿಗೆ ಹತ್ತು ನಿಮಿಷ ಮುಂಚೆ."

"ಅಧ್ಯಕ್ಷರು ಆಗ ಕೆಳಗೆ ಇಳಿದು ಹುಡುಗ್ರ ಕೈ ಕುಲುಕ್ತಾರಲ್ಲ?" ಅವರು ಶಿಷ್ಟಾಚಾರದವರ ಕಡೆ ತಿರುಗಿದರು. "ಎಲ್ಲಾ ರಾಡಿ ಆಗಲ್ವೇನ್ರೀ?"

"ಹೊಸ ಬೂಟು ಸಾರ್ ಅವರದ್ದು. ಫೋಟೋದವರೂ ಇರ್ತಾರೆ," ಎಂದರು ಶಿಷ್ಟಾಚಾರದವರು.

"ಬೇಡ ಅನ್ನಪ್ಪ."

"ಸಾರ್, ರಾಡಿ ಆಗಲ್ಲ. ಎರಡು ನಿಮಿಷ ಚಿಮುಕಿಸೋದು ಅಷ್ಟೇ. ನಮ್ಮ ಹುಡುಗ್ರು ಶಾರ್ಟ್ ಪಾಸ್ ಆಡೋದು, ಅವರಿಗೆ ನೆಲ ಒದ್ದೆ ಇದ್ರೇನೇ ಒಳ್ಳೇದು. ಕೋಚ್ ಸಾರ್ ಹೊರಗೇ ಇದಾರೆ, ಒಂದ್ಮಾತು ಕೇಳ್ಕೊಂಡು ಬರ್ಲಾ?"

ಆಗ ಅವರು ಮೊದಲ ಸಲ ನನ್ನ ಮುಖ ನೋಡಿದರು. ಮುಖದಿಂದ ಕೆಳಗಿಳಿದ ನೋಟ ನನ್ನ ಮಣ್ಣುಗಾಲಿನ ಮೇಲೆ ನಿಂತಿತು. "ನೀನಿಲ್ಲಿ ಏನ್ ಕೆಲ್ಸ ಮಾಡ್ತೀಯಪ್ಪ?"

"ಪೈಪ್ ಹಿಡೀತೀನಿ ಸಾರ್."

"ಹಾಂ. ಪೈಪ್ ಹಿಡಿಯೋನು ಪೈಪ್ ಹಿಡಿ. ಟೀಮ್ ನಡೆಸೋಕೆ ನಾವಿದೀವಿ."

ಕಾರ್ಯದರ್ಶಿಗಳು ಕಿಸಕ್ಕೆಂದರು. ಮಾನ ಬಿಟ್ಟು ಇನ್ನೊಂದು ಸಲ ಕೇಳಿದೆ. "ಹಾಫ್‌ಟೈಮಲ್ಲಾದ್ರೂ ಸಾರ್? ಆಗ ಅಧ್ಯಕ್ಷರು ಮೇಲೇ ಇರ್ತಾರೆ."

"ಅದೇನ್ ಗೊಂದಲ? ಎರಡಕ್ಕೂ ಬೇಡ ಅಂತ ಬರಿ, ಕ್ಲಿಯರಾಗಿ ಇರ್ಲಿ."

ನಾನು ತಿರುಗಿ ಇಲ್ಲಿನ ಭಾಷೆಯಲ್ಲಿ 'ಬೇಡ' ಎಂದೆ. ನನ್ನದೇ ಬಾಯಲ್ಲಿ. ಎದುರು ತಂಡದ ಕೋಚ್ ಮುಂದೆ ಎರಡು ಪುಟ ಟಿಪ್ಪಣಿ ಇತ್ತು, ವಾದಕ್ಕೆ ತಯಾರಾಗಿಯೇ ಬಂದಿದ್ದ ಮನುಷ್ಯ. ನನ್ನ ಮಾತು ಕೇಳಿ ಒಂದು ಕ್ಷಣ ಏನೋ ಮೋಸವಿದೆ ಎಂಬಂತೆ ನೋಡಿದ. ಆಮೇಲೆ ಟಿಪ್ಪಣಿ ಮಡಚಿ ಜೇಬಿಗಿಟ್ಟು, 'ನಮ್ಮದೂ ಬೇಡ' ಎಂದು ಎಷ್ಟು ಬೇಗ ಸಹಿ ಹಾಕಿದನೆಂದರೆ ಪೆನ್ನಿನ ಮುಚ್ಚಳ ಕೆಳಗೆ ಬಿದ್ದರೂ ಎತ್ತಿಕೊಳ್ಳಲಿಲ್ಲ. ನಿಮ್ಮ ಉಪಾಧ್ಯಕ್ಷರು ನಿಧಾನವಾಗಿ, ದಪ್ಪ ಅಕ್ಷರದಲ್ಲಿ, ಅಡಿಗೆರೆ ಎಳೆದು ಸಹಿ ಹಾಕಿದರು.

ಹೊರಗೆ ಬಂದೆ. ಕೋಚ್ ಕ್ರೇಟಿನಿಂದ ಎದ್ದರು. "ನೀರಿನ್ ವಿಷ್ಯ ಏನಾಯ್ತಪ್ಪಾ?"

"ಬೇಡ ಅಂದ್ರು ಸಾರ್. ಎರಡಕ್ಕೂ."

"ಯಾರು? ಅವರ ಕಡೆಯೋರಾ?"

"ಇಲ್ಲ ಸಾರ್. ನಮ್ಮೋರೇ."

ಅವರು ಕ್ರೇಟನ್ನು ಕಾಲಿನಿಂದ ಬದಿಗೆ ತಳ್ಳಿದರು. ಬಾಗಿಲ ಹತ್ತಿರ ಹೋದರು. ಶಿಷ್ಟಾಚಾರದವರು ಬಾಗಿಲಿಗೆ ಕೈ ಅಡ್ಡ ಇಟ್ಟು, "ಮೀಟಿಂಗ್ ಮುಗೀತು ಕೋಚ್, ಏನಿದ್ರೂ ಆಮೇಲೆ," ಎಂದರು. ಸಹಿ ಬಿದ್ದ ಮೇಲೆ ಬದಲಿಸಲು ಎದುರಾಳಿಗಳ ಒಪ್ಪಿಗೆ ಬೇಕು. ಕೋಚ್ ಅದಕ್ಕೂ ಹೋಗಿ ಕೇಳಿದರಂತೆ, ಎದುರು ತಂಡದ ಕೋಚ್ ಇವರ ಭುಜ ತಟ್ಟಿ ಕಳಿಸಿದನಂತೆ. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ.

ಪಂದ್ಯ ಸಂಜೆ ನಾಲ್ಕಕ್ಕೆ. ನೆರಳಲ್ಲೇ ಮೂವತ್ತಾರು ಡಿಗ್ರಿ. ಪ್ರತಿ ಪಂದ್ಯಕ್ಕೂ ಮೊದಲು ನಾವೊಂದು ಪರೀಕ್ಷೆ ಮಾಡುತ್ತೇವೆ. ಮೊಣಕಾಲೆತ್ತರದ ಇಳಿಜಾರು ತಗಡಿನ ಮೇಲಿಂದ ಚೆಂಡನ್ನು ಬಿಟ್ಟು ಅದು ಹುಲ್ಲಿನ ಮೇಲೆ ಎಷ್ಟು ದೂರ ಉರುಳುತ್ತದೆಂದು ಅಳೆಯುವುದು. ನೀರು ಬಿಟ್ಟ ದಿನ ಎಂಟು ಮೀಟರ್ ಹತ್ತಿರ ಹೋಗುತ್ತದೆ. ಅವತ್ತು ಐದೂವರೆ. ಮೇಸ್ತ್ರಿ ಟೇಪು ಸುತ್ತಿಕೊಳ್ಳುತ್ತ ನನ್ನ ಕಡೆ ನೋಡದೆ ಹೇಳಿದರು, "ಇಷ್ಟು ಪಾಸ್ ಆಡೋ ಟೀಮು ನೀರು ಬೇಡ ಅಂದಿದ್ದನ್ನ ಮೂವತ್ತು ವರ್ಷದಲ್ಲಿ ನಾನು ನೋಡಿಲ್ಲ. ನಿಮ್ಮವರಿಗೆ ಏನೋ ದೊಡ್ಡ ಪ್ಲಾನ್ ಇರ್ಬೇಕು." ನಾನು ಹೌದೆಂದೆ. ದೇಶದ ಮಾನ ಉಳಿಸಲು ಹೇಳಬೇಕಾದ ಸುಳ್ಳುಗಳ ಪಟ್ಟಿಯಲ್ಲಿ ಅದೂ ಒಂದು.

ಚೆಂಡು ಓಡುತ್ತಿಲ್ಲವೆಂದು ಹುಡುಗರಿಗೆ ಮೊದಲ ಐದು ನಿಮಿಷದಲ್ಲೇ ಗೊತ್ತಾಯಿತು. ಬಲ ಹಾಕಿ ಒದೆಯಲು ಶುರುಮಾಡಿದರು. ಆದರೆ ಗ್ಯಾಲರಿಯ ನೆರಳು ಬಿದ್ದ ಕಡೆ ಚೆಂಡು ಒಂದು ಥರ, ಬಿಸಿಲು ಬಿದ್ದ ಕಡೆ ಇನ್ನೊಂದು ಥರ. ಗಿರಗಿಟ್ಲೆ ಇದ್ದದ್ದು ಬಿಸಿಲಿನ ಬದಿ. ಆದರೂ ಎಪ್ಪತ್ತೇಳು ನಿಮಿಷ ಸೊನ್ನೆಗೆ ಸೊನ್ನೆ ಹಿಡಿದಿಟ್ಟರಲ್ಲ, ಅದಕ್ಕೆ ಏನೆನ್ನುತ್ತೀರಿ? ಮಾನಸಿಕ ದೃಢತೆ ಎನ್ನಲು ನಿಮ್ಮ ವರದಿಯಲ್ಲಿ ಜಾಗವಿಲ್ಲ. ಎಪ್ಪತ್ತೆಂಟನೇ ನಿಮಿಷದಲ್ಲಿ ಇಬ್ಬರು ಮೇಲೆ ಬಿದ್ದಾಗ ಅವನು ತಿರುಗಿ ಹಿಂದಿದ್ದ ರಕ್ಷಣಾ ಆಟಗಾರನಿಗೆ ಪಾಸ್ ಕೊಟ್ಟ. ಸೋತ ಕಾಲಿಗೆ ಲೆಕ್ಕಾಚಾರ ಮರೆತುಹೋಗುತ್ತದೆ, ಹದಿನೈದು ವರ್ಷದ ಅಭ್ಯಾಸವೊಂದೇ ನೆನಪಿರುತ್ತದೆ. ಆ ಅಭ್ಯಾಸಕ್ಕೆ ತಕ್ಕ ಬಲದಲ್ಲೇ ಒದ್ದ. ಒದ್ದೆ ನೆಲದಲ್ಲಾಗಿದ್ದರೆ ಚೆಂಡು ಸೀದಾ ಕಾಲಿಗೆ ಹೋಗುತ್ತಿತ್ತು. ಅವತ್ತು ಎರಡು ಮೀಟರ್ ಮೊದಲೇ ಸುಸ್ತಾಯಿತು. ಅವರ ಒಂಬತ್ತನೇ ನಂಬರಿನವನು ಬಂದು ಕಸಿದುಕೊಂಡು ಹೋದ. ಗೋಲು. ಅಷ್ಟೇ. ಉಳಿದದ್ದು ನಿಮಗೆ ಗೊತ್ತಿದೆ, ನೀವು ಮೆತ್ತೆ ಹಾಕಿಸಿದ ಕುರ್ಚಿಯಲ್ಲಿ ಕೂತು ನೋಡಿದ್ದೀರಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಈ ಗಾದೆ ನಿಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆಂದು ಬಲ್ಲೆ. ಅಧ್ಯಕ್ಷರೇ, ಕುಣಿಯಲು ಬರುತ್ತದೆಂದು ಹನ್ನೊಂದು ಊರುಗಳಲ್ಲಿ ತೋರಿಸಿ ಬಂದವರು ಇವರು. ನೆಲವನ್ನು ಡೊಂಕು ಮಾಡಿದವರು ನೀವು. ಮಾಡಿದ ಮೇಲೆ ಗೆಜ್ಜೆಗೆ ಶಿಕ್ಷೆ ಕೊಡಲು ಹೊರಟಿದ್ದೀರಿ.

ಪಂದ್ಯ ಮುಗಿದು ಗ್ಯಾಲರಿ ಖಾಲಿಯಾದ ಮೇಲೆ ನಾವು ಮೈದಾನದಲ್ಲಿ ಕಿತ್ತ ಹುಲ್ಲು ಒತ್ತುತ್ತಿದ್ದೆವು. ಗಿರಗಿಟ್ಲೆ ಚಪ್ಪಲಿಯಲ್ಲಿ ಒಬ್ಬನೇ ಹೊರಗೆ ಬಂದ. ಆ ಪಾಸ್ ನಿಂತುಹೋದ ಜಾಗಕ್ಕೇ ಬಂದು ನಿಂತ. ನಾಲ್ಕು ವರ್ಷದ ನಂತರ ನಾವು ಮುಖಾಮುಖಿ ಆದದ್ದು ಹೀಗೆ.

"ಅಣ್ಣಾ, ನಿಮ್ಮೋರು ನೀರ್ ಯಾಕ್ ಬಿಡ್ಲಿಲ್ಲ?" ಎಂದ.

ನಿಮ್ಮೋರು. ಅಂದರೆ ನಾವು, ಪೈಪ್ ಹಿಡಿಯುವವರು. ನೀರು ಬಿಡುವುದಿಲ್ಲ ಎಂದಷ್ಟೇ ಕೋಚ್ ಹುಡುಗರಿಗೆ ಹೇಳಿದ್ದರು, ಬೇಡವೆಂದವರು ಯಾರೆಂದು ಹೇಳಿರಲಿಲ್ಲ. ಆಡುವ ಮೊದಲೇ ಮನಸ್ಸು ಮುರಿಯಬಾರದೆಂದು ಇರಬೇಕು.

"ಮೇಲಿಂದ ಆರ್ಡರ್ ಕಣೋ," ಎಂದೆ.

"ಯಾವ ಮೇಲಿಂದ?"

"ಮೇಲಿಂದ ಅಂದ್ರೆ ಮೇಲಿಂದ. ಹೋಗು, ಬಸ್ಸು ಹೊರಡತ್ತೆ."

ಅವನು ಹೋದ. ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮ ಕೆಲಸದ ಕರಾರಿನಲ್ಲಿ ಒಂದು ಮಾತಿದೆ, ಮೈದಾನದ ಒಳಗಿನ ವಿಷಯ ಹೊರಗೆ ಹೇಳಿದರೆ ಅದೇ ದಿನ ಕೆಲಸ ಇಲ್ಲ, ಕೆಲಸ ಇಲ್ಲದವನಿಗೆ ಈ ದೇಶದಲ್ಲಿ ಇರಲು ಪರವಾನಗಿಯೂ ಇಲ್ಲ. ನನ್ನದು ಮುಂದಿನ ತಿಂಗಳು ನವೀಕರಣಕ್ಕಿದೆ.

ಮರುದಿನದಿಂದ ಊರಿನಲ್ಲಿ ಶುರುವಾಯಿತು. ಚಿಕ್ಕಮ್ಮನ ಮನೆಯ ಗೋಡೆಯ ಮೇಲೆ ಯಾರೋ 'ದ್ರೋಹಿ' ಎಂದು ಬರೆದರು. ಚಿಕ್ಕಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ರಕ್ತದ ಕಲೆ ತೆಗೆದು ಗೊತ್ತು, ಆ ಬಣ್ಣ ತೆಗೆಯಲು ಆಗಲಿಲ್ಲ. ಮೇಲೆ ಸುಣ್ಣ ಹೊಡೆದರೆ ಅಕ್ಷರ ಮತ್ತೆ ತೇಲಿ ಬರುತ್ತದಂತೆ. ಹೋದ ವಾರ ಫೋನಿನಲ್ಲಿ ಕೇಳಿದಳು.

"ಏನ್ ಮಗಾ, ನೀನು ಅಲ್ಲೇ ಇದ್ದವ್ನಲ್ವಾ. ಇವ್ನು ಬೇಕಂತ ಮಾಡಿದ್ನಾ? ನಿಜ ಹೇಳು, ನಾನೇನ್ ಅಳಲ್ಲ."

ಹೆತ್ತ ತಾಯಿಗೇ ಅನುಮಾನ ಬರುವ ಹಾಗೆ ಮಾಡಿದಿರಲ್ಲ, ಇದಕ್ಕೆ ನಿಮ್ಮ ಸಂಸ್ಥೆಯಲ್ಲಿ ಯಾವ ವಿಭಾಗ ಇದೆ?

"ಇಲ್ಲ ಚಿಕ್ಕಮ್ಮ. ಬೇಕಂತ ಯಾಕ್ ಮಾಡ್ತಾನೆ."

"ಮತ್ತೆ ಏನಾಯ್ತು? ನಿಂಗೇನಾದ್ರೂ ಗೊತ್ತೇನೋ?"

"ನಂಗೇನ್ ಗೊತ್ತು ಚಿಕ್ಕಮ್ಮ. ನಾನು ಹುಲ್ಲು ಕತ್ತರಿಸೋನು."

ಅವಳು "ಹೌದಲ್ಲ, ಪಾಪ," ಎಂದಳು. ಆ ಪಾಪ ಎಂಬ ಪದ ನನ್ನನ್ನು ಮಲಗಲು ಬಿಟ್ಟಿಲ್ಲ. ಉಪಾಧ್ಯಕ್ಷರು ನನಗೆ ಹೇಳಿದ ಮಾತನ್ನೇ ನಾನು ಅವಳಿಗೆ ಹೇಳಿದ್ದೆ. ಕೆಲಸ ಹೋದೀತೆಂದು.

ಇಷ್ಟಾದರೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೇನೋ. ಆದರೆ ಮೊನ್ನೆ ವಿಚಾರಣೆಯ ನೋಟಿಸಿನ ಫೋಟೋವನ್ನು ಅಕ್ಕ ಕಳಿಸಿದಳು. ಸಮಿತಿಯ ಅಧ್ಯಕ್ಷತೆ, ನಿಮ್ಮ ಉಪಾಧ್ಯಕ್ಷರು. ಸದಸ್ಯರಲ್ಲಿ ಮೊದಲ ಹೆಸರು, ನಿಮ್ಮ ಕಾರ್ಯದರ್ಶಿಗಳು. ಓದಿ ಒಬ್ಬನೇ ನಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೇವೆ. ಇಲ್ಲಿ ಎತ್ತೇ ಕಬ್ಬಿಣ ಕಾಯಿಸಿ ಕೂತಿದೆ! ಕೋಚ್ ತಮ್ಮ ಹೇಳಿಕೆಯಲ್ಲಿ ನೀರಿನ ವಿಷಯ ಬರೆದಿದ್ದಾರೆ. ಅದಕ್ಕೆ ನಿಮ್ಮ ಕಚೇರಿಯ ಉತ್ತರ ನೋಟಿಸಿನ ಎರಡನೇ ಪುಟದಲ್ಲಿದೆ. 'ಇದು ಕೆಲಸ ಕಳೆದುಕೊಂಡ ತರಬೇತುದಾರರ ಸ್ವರಕ್ಷಣೆಯ ಪ್ರಯತ್ನ. ಅಂತಹ ಯಾವುದೇ ಸಹಿ ಮಾಡಿದ ಹಾಳೆ ಸಂಸ್ಥೆಯ ಕಡತಗಳಲ್ಲಿ ಲಭ್ಯವಿರುವುದಿಲ್ಲ.'

ಲಭ್ಯವಿರುವುದಿಲ್ಲ. ಎಷ್ಟು ಚಂದದ ಕನ್ನಡ. ಕಳೆದುಹೋಗಿದೆ ಎಂದಿಲ್ಲ, ಹರಿದುಹಾಕಿದೆವು ಎಂದಿಲ್ಲ. ಮಾನ್ಯರೇ, ಆ ಹಾಳೆ ನಾಲ್ಕು ಪ್ರತಿಗಳಲ್ಲಿ ಬರುತ್ತದೆ ಎಂಬುದು ನಿಮ್ಮವರಿಗೆ ಗೊತ್ತಿಲ್ಲ, ಓದದೆ ಸಹಿ ಹಾಕುವವರಿಗೆ ಹೇಗೆ ಗೊತ್ತಾಗಬೇಕು. ಸಂಘಟಕರಿಗೆ ಒಂದು, ಎರಡು ತಂಡಗಳಿಗೆ ಒಂದೊಂದು, ನಾಲ್ಕನೆಯದು ನೀರು ಬಿಡುವವರಿಗೆ. ಅದು ನಮ್ಮ ಶೆಡ್ಡಿನಲ್ಲಿ, ಗೊಬ್ಬರದ ಚೀಲಗಳ ಮೇಲಿನ ಮೊಳೆಯಲ್ಲಿ ನೇತಾಡುತ್ತದೆ. ಪಂದ್ಯಕ್ಕೆ ಮೊದಲು: ಬೇಡ. ಹಾಫ್‌ಟೈಮ್: ಬೇಡ. ಕೆಳಗೆ ದಪ್ಪ ಅಕ್ಷರದ ಸಹಿ, ಅಡಿಗೆರೆ ಸಮೇತ. ಅವತ್ತೇ ಫೋಟೋ ತೆಗೆದಿಟ್ಟುಕೊಂಡಿದ್ದೆ. ಆರು ವಾರ ಅದು ನನ್ನ ಜೇಬಿನಲ್ಲಿತ್ತು, ಅವನು ಆರು ವಾರ ಮನೆಯಿಂದ ಹೊರಗೆ ಬರಲಿಲ್ಲ. ಈ ಆರು ವಾರದ ತಪ್ಪು ಮಾತ್ರ ನಿಮ್ಮದಲ್ಲ, ನನ್ನದು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಈ ಪತ್ರದ ಜೊತೆ ಆ ಫೋಟೋವನ್ನೂ ಎಲ್ಲ ಪತ್ರಿಕೆಗಳಿಗೆ ಕಳಿಸಿದ್ದೇನೆ. ಅಸಲಿ ಪ್ರತಿ ಬೇಕಿದ್ದರೆ ಸಂಘಟಕರನ್ನು ಕೇಳಿ ಪಡೆಯಿರಿ, ಅವರ ಕಡತಗಳಲ್ಲಿ ಎಲ್ಲವೂ ಲಭ್ಯವಿರುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಒಂಬತ್ತನೇ ತಾರೀಖಿನ ವಿಚಾರಣೆಯಿಂದ ನಿಮ್ಮ ಉಪಾಧ್ಯಕ್ಷರೂ ಕಾರ್ಯದರ್ಶಿಗಳೂ ಕುರ್ಚಿ ಬಿಟ್ಟು ಏಳಲಿ. ಅವರನ್ನು ಮೇಜಿನ ಈ ಕಡೆ, ಹುಡುಗನ ಪಕ್ಕದಲ್ಲಿ ನಿಲ್ಲಿಸಿ. ಮೊದಲು ಆ ಹಾಳೆಯನ್ನು ಗಟ್ಟಿಯಾಗಿ ಓದಿ, ಆಮೇಲೆ ಆ ಪಾಸನ್ನು ಪರದೆಯ ಮೇಲೆ ತೋರಿಸಿ, ಯಾರದ್ದು ನಿರ್ಲಕ್ಷ್ಯ ಎಂದು ಕೇಳಿ. ಪಂದ್ಯಾವಳಿಯಲ್ಲಿ ಸೋತರೆ ನಾಲ್ಕು ವರ್ಷ ಕಾಯಬಹುದು, ನಮಗೆ ಅಭ್ಯಾಸವಿದೆ. ಇಪ್ಪತ್ತೆರಡನೇ ವಯಸ್ಸಿನ ಒಬ್ಬ ವಿಂಗರ್‌ನನ್ನು ಎರಡು ವರ್ಷ ಮನೆಯಲ್ಲಿ ಕೂರಿಸಿದರೆ ಅವನು ವಾಪಸ್ ಬರುವುದಿಲ್ಲ. ಇನ್ನು ಮುಂದೆ ಪಂದ್ಯದ ದಿನದ ಸಭೆಯ ಮೂರು ಕುರ್ಚಿಗಳಲ್ಲಿ ಒಂದು ಕೋಚ್‌ಗೆ ಎಂದು ಲಿಖಿತವಾಗಿ ನಿಯಮ ಮಾಡಿ. ಉಳಿದ ಎರಡರಲ್ಲಿ ಯಾರು ಬೇಕಾದರೂ ಕೂತು ನಿದ್ದೆ ಮಾಡಲಿ.

ಸಾಕ್ಷಿ ಬೇಕು ಎನ್ನುತ್ತೀರಿ. ರಜೆ ಕೇಳಿದ್ದೇನೆ, ಮೇಸ್ತ್ರಿ ಕೊಟ್ಟಿದ್ದಾರೆ. 'ವಾಪಸ್ ಬರ್ತೀಯಾ?' ಎಂದು ಕೇಳಿದರು. ಈ ಪತ್ರ ಅಚ್ಚಾದ ಮೇಲೆ ಅದು ನನ್ನ ಕೈಯಲ್ಲಿಲ್ಲ ಎಂದೆ. ಅವರು ನನ್ನ ರಬ್ಬರ್ ಬೂಟುಗಳನ್ನು ತೊಳೆದು ಶೆಡ್ಡಿನ ಬಾಗಿಲ ಹಿಂದೆ ಇಟ್ಟರು. ಎಂಟರ ರಾತ್ರಿ ಊರಿಗೆ ಇಳಿಯುತ್ತೇನೆ. ಮೊದಲು ಚಿಕ್ಕಮ್ಮನ ಮನೆಗೆ ಹೋಗಿ, ಫೋನಿನಲ್ಲಿ ಹೇಳಲಾಗದ್ದನ್ನು ಎದುರು ಕೂತು ಹೇಳಬೇಕು. ಅವನಿಗೂ ಹೇಳಬೇಕು. ಅದು ನಿಮ್ಮ ಸಮಿತಿಯ ಎದುರು ನಿಲ್ಲುವುದಕ್ಕಿಂತ ಕಷ್ಟದ ಕೆಲಸ. ಮರುದಿನ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಕಚೇರಿಯಲ್ಲಿರುತ್ತೇನೆ. ಅವನು ನನ್ನ ಜೊತೆ ಬಂದರೆ ಇಬ್ಬರೂ, ಬಾರದಿದ್ದರೆ ನಾನೊಬ್ಬನೇ.

ಇಂತಿ,
ತಮ್ಮನೇ ಕೇಳಿದಾಗ ಕೆಲಸವನ್ನು ನೆನೆದು, ತಮ್ಮನನ್ನು ಆರು ವಾರ ತಡವಾಗಿ ನೆನೆದ ಒಬ್ಬ ಅಣ್ಣ